ಪೊರಕೆ ಹಿಡಿದವಳು ಮತ್ತು ಕರಿಬೇವಿನ ಮರಿ

ಪಾಪಟೋಟೊಯಿ
ಆಕ್ಲೆಂಡ್, ೧೨ ಏಪ್ರಿಲ್ ೨೦೧೫

ಮಹಾಸಂಶೋಧಕಿ ಅರುಂಧತಿಯವರ ಪಾದಾರವಿಂದಗಳಿಗೆ,

ನಿನ್ನ ಕಾಗದ ಬಂತು ಕಣೆ. ಪಿಎಚ್‌ಡಿಗೆ ಸೀಟು ಸಿಕ್ಕಿತು ಅನ್ನುವುದು ಮೊದಲನೆಯ ಸಾಲು, ಕ್ರೈಸ್ಟ್‌ಚರ್ಚಿನಲ್ಲಿ ಆಗಲೇ ಚಳಿ ಹಿಡಿಯಿತು ಅನ್ನುವುದು ಎರಡನೆಯದು. ಮೊದಲನೆಯದನ್ನು ಓದಿ ಹೊಟ್ಟೆ ಉರಿಯಿತು, ಎರಡನೆಯದನ್ನು ಓದಿ ಸ್ವಲ್ಪ ತಣ್ಣಗಾಯಿತು.

ನಮ್ಮ ಜಗಳಗಳನ್ನೆಲ್ಲ ಕಾಗದದಲ್ಲೇ ಆಡೋಣ ಎಂದು ಒಪ್ಪಂದ ಮಾಡಿಕೊಂಡದ್ದು ಒಳ್ಳೆಯದೇ ಆಯಿತು. ಫೋನಿನಲ್ಲಿ ನೀನು ಚುಚ್ಚಿದರೆ ಅದಕ್ಕೆ ತಕ್ಕ ಉತ್ತರ ನನಗೆ ಮಾರನೆಯ ದಿನ ಪಾತ್ರೆ ತೊಳೆಯುವಾಗ ಹೊಳೆಯುತ್ತದೆ. ಕಾಗದದಲ್ಲಿ ಪಾತ್ರೆ ತೊಳೆದ ಮೇಲೇ ಕೂತು ಬರೆಯಬಹುದು.

ನಿನ್ನ ಸಂಶೋಧನೆಯ ವಿಷಯವನ್ನು ನಮ್ಮ ಯಜಮಾನರಿಗೆ ಗಟ್ಟಿಯಾಗಿ ಓದಿ ಹೇಳಿದೆ. 'ಹಳೆಯ ಸಣ್ಣಕಥೆಗಳಲ್ಲಿ ಹೆಣ್ಣು ಮತ್ತು ನಿಸರ್ಗ: ಪರಿಸರ ಸ್ತ್ರೀವಾದದ ಓದು.' ಬದರಿ ಟೀವಿಯ ದನಿ ಕಡಿಮೆ ಮಾಡಿದರು.

"ಅಂದ್ರೆ ಏನು?"

"ಗಂಡಸು ಹೆಣ್ಣನ್ನೂ ಮಣ್ಣನ್ನೂ ಒಂದೇ ಥರ ಹಾಳು ಮಾಡ್ತಾನೆ ಅಂತ."

"ನಾನೀಗ ಏನು ಮಾಡ್ದೆ? ಲಾನ್ ಕತ್ತರ್ಸಿ ಅಂತ ನೀನೇ ಹೇಳಿದ್ದು."

ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ.ಗೆ ಮೊದಲನೆಯ ರ‍್ಯಾಂಕು ಯಾರಿಗೆ ಬಂದಿತ್ತು, ಎರಡನೆಯದು ಯಾರಿಗೆ ಬಂದಿತ್ತು ಎಂಬ ಹಳೆಯ ವಿಚಾರವನ್ನು ನಾನು ಎತ್ತುವುದಿಲ್ಲ. ಈಗ ಎರಡನೆಯವಳು ವಿಶ್ವವಿದ್ಯಾಲಯದಲ್ಲಿದ್ದಾಳೆ, ಮೊದಲನೆಯವಳು ಈಸ್ಟ್ ತಮಾಕಿಯ ಗೋದಾಮೊಂದರ ಆಫೀಸಿನಲ್ಲಿ ಯಾವ ಟ್ರಕ್ಕು ಎಲ್ಲಿಗೆ ಹೋಯಿತು ಎಂದು ಹುಡುಕುತ್ತಿದ್ದಾಳೆ. ಇದನ್ನು ಅಸೂಯೆಯಿಂದ ಹೇಳುತ್ತಿಲ್ಲ. ಅಸೂಯೆಯಿಂದ ಹೇಳುವುದಾದರೆ ಇದಕ್ಕಿಂತ ಚೆನ್ನಾಗಿ ಹೇಳುತ್ತೇನೆ.

ಇಲ್ಲಿ ನಿಸರ್ಗದ ಕ್ಷೇಮ. ಪಕ್ಕದ ಮನೆಯ ಫಿಜೋವಾ ಮರ ಬೇಲಿ ದಾಟಿ ಹಣ್ಣನ್ನೆಲ್ಲ ನಮ್ಮ ಕಡೆಗೇ ಉದುರಿಸುತ್ತಿದೆ. ಆರಿಸಿ ಚೀಲ ತುಂಬಿ ಆಫೀಸಿಗೆ ಒಯ್ದರೆ ಅಲ್ಲಿ ಪ್ರತಿಯೊಬ್ಬರೂ ಒಂದೊಂದು ಚೀಲ ಹಿಡಿದು ನಿಂತಿರುತ್ತಾರೆ. ಇನ್ನು ನನ್ನ ಕರಿಬೇವು. ಗ್ಯಾರೇಜಿನ ಬಿಸಿಲು ಗೋಡೆಗೆ ಬೆನ್ನು ಕೊಟ್ಟುಕೊಂಡು ಸೂರು ಮುಟ್ಟಿದೆ. ಬುಡದಲ್ಲಿ ಮರಿಗಳು ಎದ್ದಿವೆ. ನಿನಗೊಂದು ಮರಿ ಬೇಕೆಂದು ವರ್ಷಗಳಿಂದ ಕೇಳುತ್ತಿದ್ದೀಯ. ನೋಡೋಣ. ಮೊದಲು ಪುಸ್ತಕದ ನಿಸರ್ಗ ನಿನ್ನ ಕೈಯಲ್ಲಿ ಬದುಕುತ್ತದೋ ಇಲ್ಲವೋ ತಿಳಿಯಲಿ.

ಹಳೆಯ ವಿಚಾರ ಎತ್ತದ,
ರತ್ನಾ

*

ಕ್ರೈಸ್ಟ್‌ಚರ್ಚ್
೩ ಜೂನ್ ೨೦೧೫

ಪ್ರಥಮ ರ‍್ಯಾಂಕಿನವರೇ,

ಬೆಳಿಗ್ಗೆ ಎದ್ದರೆ ಹುಲ್ಲಿನ ಮೇಲೆ ಬಿಳಿ ಹಿಮ, ಕಾರಿನ ಗಾಜಿನ ಮೇಲೂ ಅದೇ. ನಮ್ಮ ಯಜಮಾನರು ಚಿದಾನಂದ ಅದನ್ನು ಕೆರೆದು ತೆಗೆದು, ಭೂಕಂಪದಲ್ಲಿ ಬಿರಿದ ಕಟ್ಟಡಗಳನ್ನು ಪರೀಕ್ಷಿಸುವ ಕೆಲಸಕ್ಕೆ ಹೋಗುತ್ತಾರೆ. ನೋಡಿ ನೋಡಿ, ಮನೆಗೆ ಬಂದವರ ಮುಖದಲ್ಲೂ ಬಿರುಕು ಹುಡುಕುವ ಅಭ್ಯಾಸವಾಗಿದೆ ಅವರಿಗೆ.

ನಿನ್ನ ಮರ ಸೂರು ಮುಟ್ಟಿತು ಎಂದು ಓದಿದ ದಿನ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಫ್ರೀಜರಿನಿಂದ ತೆಗೆದ ಕರಿಬೇವು, ಎಲೆ ಕಪ್ಪು, ವಾಸನೆ ಪ್ಲಾಸ್ಟಿಕ್ಕಿನದು. ನಿಸರ್ಗದ ಬಗ್ಗೆ ಇನ್ನೂರು ಪುಟ ಬರೆಯಬಲ್ಲವಳ ಮನೆಯಲ್ಲಿ ಒಂದು ಹಸಿ ಎಲೆ ಇಲ್ಲ. ನಿನ್ನ ಮನೆಯಲ್ಲಿ ಒಗ್ಗರಣೆ ಹಾಕಿದರೆ ಬೀದಿಗೆಲ್ಲ ತಿಳಿಯುತ್ತದೆ. ನನಗೆ ಹೊಟ್ಟೆ ಉರಿಯುವುದು ಇಷ್ಟಕ್ಕೇ, ನಿನ್ನ ರ‍್ಯಾಂಕಿಗಲ್ಲ. ಆಯಿತು, ರ‍್ಯಾಂಕಿಗೂ ಸ್ವಲ್ಪ.

ಮೊದಲ ಅಧ್ಯಾಯಕ್ಕೆ ನಮ್ಮ ಪಠ್ಯದಲ್ಲಿದ್ದ ಬಾವಿಕಟ್ಟೆಯ ನೇರಳೆ ಮರದ ಕಥೆಯನ್ನು ಆರಿಸಿಕೊಂಡಿದ್ದೇನೆ. ನೆನಪಿದೆಯಾ? ಮಕ್ಕಳಿಲ್ಲದ ಸಾವಂತ್ರಿ. ನೀರಿಗೆ ಹೋದಾಗಲೆಲ್ಲ ಬಾವಿಯ ಪಕ್ಕದ ನೇರಳೆ ಮರದೊಡನೆ ಮಾತಾಡುತ್ತಾಳೆ. ಗಂಡನಿಗೆ ಅದು ಸಹಿಸುವುದಿಲ್ಲ, ಮರ ಕಡಿಸುತ್ತಾನೆ. ಮಾರನೆಯ ಬೆಳಿಗ್ಗೆ ಅವಳು ಎಂದಿನಂತೆ ನೀರು ಸೇದುತ್ತಾಳೆ. ಅಲ್ಲಿಂದಾಚೆಗೆ ಅವಳ ದನಿಯನ್ನು ಯಾರೂ ಕೇಳಲಿಲ್ಲ.

ಕೊಡಲಿ ಬಿದ್ದದ್ದು ಮರದ ಮೇಲೆ, ಮುರಿದದ್ದು ಅವಳ ಭಾಷೆ ಎಂಬುದು ನನ್ನ ವಾದ. ಆದರೆ ಹಳೆಯ ವಿಮರ್ಶಕರ ಹಾಗೆ 'ಹೆಣ್ಣೇ ಪ್ರಕೃತಿ' ಎಂದು ಕೈಮುಗಿದು ನಿಲ್ಲುವುದಿಲ್ಲ. ಹಾಗೆ ಹೊಗಳುವುದೂ ಅವಳನ್ನು ಅದೇ ಬಾವಿಕಟ್ಟೆಗೆ ಕಟ್ಟುವ ಹಗ್ಗವೇ. ನನ್ನ ಮಾರ್ಗದರ್ಶಕಿ ಅನುವಾದ ಓದಿ ಕನ್ನಡಕ ತೆಗೆದು ಕಿಟಕಿಯ ಕಡೆ ನೋಡಿದರು. ಇಲ್ಲಿ ಅದು ದೊಡ್ಡ ಮೆಚ್ಚುಗೆ.

ನಿಮ್ಮ ಶನಿವಾರದ ಓದು ಬಳಗದ ಹರ್ಷವರ್ಧನ್ ಫೋನ್ ಮಾಡಿದ್ದ. ಸೆಪ್ಟೆಂಬರಿನಲ್ಲಿ ಬಂದು ಇದೇ ವಿಷಯ ಮಾತಾಡಬೇಕಂತೆ. ನಿನಗೆ ಗೊತ್ತೇ ಇರುತ್ತದೆ. ನಿನ್ನ ಮನೆಯಲ್ಲೇ ಇಳಿದುಕೊಳ್ಳುತ್ತೇನೆ. ಬರುವಾಗ ಖಾಲಿ ಕುಂಡ ತರಲಾ?

ಇಂತಿ ನಿನ್ನ ದ್ವಿತೀಯಳು,
ಅರುಂಧತಿ

*

ಪಾಪಟೋಟೊಯಿ
೨೧ ಜೂನ್ ೨೦೧೫

ಪ್ರೀತಿಯ ಅರುಂಧತಿ,

ಗೊತ್ತಿರಲಿಲ್ಲ.

ಈ ಬಳಗ ಶುರುವಾದ ದಿನದಿಂದ ಅಲ್ಲಿ ಈರುಳ್ಳಿ ಹೆಚ್ಚುತ್ತಿರುವವಳು ನಾನು. ವರ್ಷಕ್ಕೊಮ್ಮೆ ತರುವ ಸಂಚಿಕೆಯಲ್ಲಿ ನಗೆಬರಹ ಬರೆದು, ಅದನ್ನು ಓದಿ ನಕ್ಕವರ ತಟ್ಟೆಗೂ ನಾನೇ ಬಡಿಸಿದ್ದೇನೆ. ಹೋದ ಶನಿವಾರ ಹರ್ಷವರ್ಧನ್ ಕುರ್ಚಿ ಜೋಡಿಸುತ್ತಿದ್ದಾಗ ಸಹಜವಾಗಿ ಕೇಳಿದೆ.

"ಏನಪ್ಪ ಹರ್ಷ, ಕಥೆ ಬಗ್ಗೆ ಮಾತಾಡೋಕೆ ಅಷ್ಟು ದೂರದಿಂದ ಕರೆಸ್ತಿದೀಯಂತೆ. ಇಲ್ಲೇ ಯಾರನ್ನಾದ್ರೂ ಕೇಳ್ಬಹುದಿತ್ತಲ್ಲ?"

"ಕೇಳ್ದೆ ಆಂಟಿ, ಯಾರೂ ಒಪ್ಲಿಲ್ಲ."

"ನನ್ನ ಕೇಳ್ಲಿಲ್ವಲ್ಲ."

"ಅಯ್ಯೋ ರತ್ನಾ ಆಂಟಿ, ನೀವು ಹೆಂಗಿದ್ರೂ ಇದ್ದೇ ಇರ್ತೀರಲ್ಲ. ಬಿಸಿಬೇಳೆಬಾತ್ ನಿಮ್ದೇ ತಾನೆ?"

ನನ್ನದೇ ಎಂದೆ.

ಮನೆಗೆ ಬಂದು ಹಳೆಯ ಪಠ್ಯಪುಸ್ತಕ ಹುಡುಕಿ ನೇರಳೆ ಮರದ ಕಥೆಯನ್ನು ಮತ್ತೆ ಓದಿದೆ. ಕೋಪದಲ್ಲಿ ಓದಿದರೆ ಕಥೆಗಳು ಚೆನ್ನಾಗಿ ಅರ್ಥವಾಗುತ್ತವೆ. ಮರ ಕಡಿಯುವ ಜಾಗದಲ್ಲಿ ಒಂದು ಸಾಲು ಇದೆ: 'ಪಕ್ಕದ ಮನೆಯವಳು ಪೊರಕೆ ಹಿಡಿದು ನಿಂತು ನೋಡುತ್ತಿದ್ದಳು.' ಅಷ್ಟೇ. ಅವಳಿಗೆ ಹೆಸರಿಲ್ಲ, ಮುಂದೆ ಎಲ್ಲಿಯೂ ಬರುವುದಿಲ್ಲ. ನಮ್ಮ ಮೇಷ್ಟರೂ ಅವಳನ್ನು ಗಮನಿಸಲಿಲ್ಲ, ನೀನೂ ಗಮನಿಸಿಲ್ಲ.

ನಾನು ಕೇಳುತ್ತೇನೆ, ಅವಳ ಕೈಯಲ್ಲಿ ಪೊರಕೆ ಯಾಕಿತ್ತು? ಮರದ ಅರ್ಧ ಕೊಂಬೆ ಅವಳ ಅಂಗಳದ ಮೇಲಿತ್ತು. ಹಣ್ಣು ಸಾವಂತ್ರಿಗೆ, ಕಲೆ ಇವಳಿಗೆ. ದಿನವೂ ಆ ಮರವನ್ನು ಮುಟ್ಟುತ್ತಿದ್ದವಳು ಇವಳು, ಪೊರಕೆಯಿಂದ. ಆದರೂ ಇವಳನ್ನು ಯಾರೂ ಪ್ರಕೃತಿ ಎನ್ನಲಿಲ್ಲ. 'ನಿಮ್ಮನೆಯೋಳು ಮರದ ಜೊತೆ ಮಾತಾಡ್ತಾಳೆ' ಎಂದು ಆ ಗಂಡನ ಕಿವಿಗೆ ಹಾಕಿದ್ದು ಯಾರು? ಕಥೆಗಾರರು ಹೇಳಿಲ್ಲ, ನಾನು ಹೇಳುತ್ತೇನೆ. ಇವಳೇ. ಕಸ ಗುಡಿಸಿ ಬೇಸತ್ತು ಅಲ್ಲ. ಅಷ್ಟು ಗುಡಿಸಿದರೂ ಮರ ತನ್ನ ಜೊತೆ ಮಾತಾಡಲಿಲ್ಲವಲ್ಲ ಎಂದು.

ಹೆಣ್ಣೂ ನಿಸರ್ಗವೂ ಅಕ್ಕತಂಗಿಯರು ಎಂದು ಬರೆಯುವ ನಿನ್ನ ದಪ್ಪ ಪುಸ್ತಕಗಳಲ್ಲಿ ಅಕ್ಕತಂಗಿಯರ ಹೊಟ್ಟೆಕಿಚ್ಚಿಗೆ ಒಂದು ಅಧ್ಯಾಯ ಇದೆಯಾ? ಇಲ್ಲದಿದ್ದರೆ ಸೇರಿಸಿಕೋ.

ಕುಂಡ ತರಬೇಡ. ನಮ್ಮಲ್ಲಿ ಇದೆ.

ಹೆಂಗಿದ್ದರೂ ಇದ್ದೇ ಇರುವ,
ರತ್ನಾ

*

ಪಾಪಟೋಟೊಯಿ
೨೭ ಸೆಪ್ಟೆಂಬರ್ ೨೦೧೫

ಶ್ರೀಮತಿ ಅರುಂಧತಿ ಚಿದಾನಂದ ಅವರಿಗೆ,

ಉಭಯ ಕುಶಲೋಪರಿ. ತಾವು ಸುಖವಾಗಿ ಊರು ಸೇರಿದ್ದು ತಿಳಿದು ಸಂತೋಷ.

ತಮ್ಮ ಉಪನ್ಯಾಸ ಎಲ್ಲರಿಗೂ ಹಿಡಿಸಿತು. ಪೊರಕೆ ಹಿಡಿದವಳು ಬಂದಾಗಲಂತೂ ಸಭೆಯಲ್ಲಿ ಕೆಮ್ಮು ಕೂಡ ಇರಲಿಲ್ಲ. ಹಣ್ಣು ಒಬ್ಬಳಿಗೆ, ಕಲೆ ಒಬ್ಬಳಿಗೆ ಎಂದಾಗ ಚಪ್ಪಾಳೆ ಬಿತ್ತು. ನಾನು ಸಭಾಂಗಣದ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತು ನೋಡುತ್ತಿದ್ದೆ.

'ಈ ಒಳನೋಟವನ್ನು ನನಗೆ ಸೂಚಿಸಿದವರು ಆಕ್ಲೆಂಡಿನ ಒಬ್ಬ ಗೃಹಿಣಿ ಓದುಗರು' ಎಂದು ತಾವು ಹೇಳಿದಿರಿ. ನನ್ನ ಪಕ್ಕದಲ್ಲಿ ಹಪ್ಪಳ ಜೋಡಿಸುತ್ತಿದ್ದ ವಂದನಾ ಕೈ ನಿಲ್ಲಿಸಿದರು.

"ಯಾರ್ರೀ ಅದು ಗೃಹಿಣಿ? ತಲೆ ಇದೆ ಕಣ್ರೀ ಅವ್ರಿಗೆ."

"ಗೊತ್ತಿಲ್ಲಮ್ಮ," ಎಂದೆ. "ತುಪ್ಪ ಈಗ್ಲೇ ಹಾಕ್ಲಾ, ಬಡಿಸೋವಾಗ ಹಾಕ್ಲಾ?"

ಮಾರನೆಯ ದಿನ ತಾವು ಹೊರಟಾಗ ತಟ್ಟೆಯಲ್ಲಿ ಅರಿಶಿನ ಕುಂಕುಮ, ರವಿಕೆ ಕಣ, ತೆಂಗಿನಕಾಯಿ, ಜೊತೆಗೆ ಕುಂಡದಲ್ಲಿ ನೆಟ್ಟ ಕರಿಬೇವಿನ ಮರಿ ಇಟ್ಟು, ಎರಡೂ ಕೈಯಿಂದ ಕೊಟ್ಟಿದ್ದೇನೆ. ನನ್ನ ಕಡೆಯಿಂದ ಯಾವ ಕೊರತೆಯೂ ಆಗಲಿಲ್ಲ ಎಂದು ಭಾವಿಸುತ್ತೇನೆ.

ಇಂತಿ,
ಒಬ್ಬ ಗೃಹಿಣಿ ಓದುಗರು

*

ಕ್ರೈಸ್ಟ್‌ಚರ್ಚ್
೨೨ ನವೆಂಬರ್ ೨೦೧೫

ರತ್ನಾ,

ಗಿಡ ಸತ್ತಿತು.

ಕಿಟಕಿಯ ಬಿಸಿಲಿಗೆ ಇಟ್ಟಿದ್ದೆ. ಹಳೆ ಮಜ್ಜಿಗೆ ನೀರು ಹಾಕಿದ್ದೆ. ಚಿದಾನಂದ ಬೆಳಿಗ್ಗೆ ಹೀಟರನ್ನು ಅದರ ಕಡೆಗೆ ತಿರುಗಿಸಿ ತಾವು ಚಳಿಯಲ್ಲಿ ಕಾಫಿ ಕುಡಿದರು. ಆದರೂ ಒಂದೊಂದೇ ಎಲೆ ಉದುರಿ ಬರೀ ಕಡ್ಡಿ ಉಳಿಯಿತು.

ಏರ್‌ಪೋರ್ಟಿಗೆ ಬರುವಾಗ ನಿನ್ನ ಮಗಳು ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದಳು. ನೀನು ಮುಂದೆ ಬದರಿಯವರಿಗೆ ದಾರಿ ಹೇಳುತ್ತಿದ್ದೆ. ನಿಧಿ ಕುಂಡ ನೋಡಿ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು, ಆಂಟಿ, ಅಮ್ಮ ಇದನ್ನ ಯಾಕೆ ಕೊಟ್ಟರು, ಕರಿಬೇವು ಕೊಡಬಾರದು, ಕದಿಯಬೇಕು, ಕೈಯಾರೆ ಕೊಟ್ಟರೆ ಸತ್ತುಹೋಗುತ್ತೆ ಅಂತ ಅಜ್ಜಿ ಯಾವಾಗಲೂ ಹೇಳ್ತಾರೆ ಎಂದು. ನಿನ್ನ ಮರವನ್ನೂ ನೀನು ನಿಮ್ಮ ಪರಿಚಯದ ಗೀತಾ ಅವರ ಹಿತ್ತಲಿಂದ ಕದ್ದೇ ತಂದದ್ದಂತೆ. ಗೀತಾ ಒಳಗೆ ಪರದೆ ಎಳೆದುಕೊಂಡು ಕೂತಿದ್ದರಂತೆ, ನೀನು ಅಗೆದು ಮುಗಿಸಿದ ಮೇಲೆ ಕಾಫಿಗೆ ಕರೆದರಂತೆ. ನಾನು ಆಗ ನಕ್ಕೆ. ಕೊನೆಯ ಎಲೆ ಬಿದ್ದ ದಿನ ನಗು ಬರಲಿಲ್ಲ.

ಇಂಥದ್ದರಲ್ಲಿ ನನಗೆ ನಂಬಿಕೆ ಇಲ್ಲ. ಆದರೆ ನಿನಗೆ ಇದೆ. ಅದು ಗೊತ್ತಿದ್ದೂ ತಟ್ಟೆಯಲ್ಲಿಟ್ಟು ಎರಡೂ ಕೈಯಿಂದ ಕೊಟ್ಟೆ. ಸಾಯಲಿ ಎಂದೇ ಕೊಟ್ಟೆಯಾ?

ನಿನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ನೀನು ಕೇಳಲಿಲ್ಲ, ನಾನೇ ಹೇಳುತ್ತೇನೆ. ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅಷ್ಟೂ ಜನ ಅಡುಗೆಮನೆ ಬಾಗಿಲ ಕಡೆ ತಿರುಗುತ್ತಿದ್ದರು. ನೀನು ಸೌಟು ಹಿಡಿದೇ ಒಂದು ಮಾತು ಆಡುತ್ತಿದ್ದೆ, ಎಲ್ಲರೂ ನಗುತ್ತಿದ್ದರು, ಅಲ್ಲಿಗೆ ನನ್ನ ಉಪನ್ಯಾಸ ಮುಗಿಯುತ್ತಿತ್ತು. ಮೈಸೂರಿನಲ್ಲಿ ಪ್ರತಿ ಸೆಮಿನಾರಿನಲ್ಲೂ ಹಾಗೇ ಆಗುತ್ತಿದ್ದದ್ದು. ಎರಡನೆಯ ರ‍್ಯಾಂಕಿನವಳಿಗೆ ಒಂದು ಅರ್ಧ ಗಂಟೆ ಬೇಕಿತ್ತು ಕಣೆ.

ನನ್ನ ಪ್ರಶ್ನೆಗೆ ಉತ್ತರ ಬರೆ. ಅದಿಲ್ಲದೆ ಬೇರೆ ಏನು ಬರೆಯುವುದಾದರೂ ಬರೆಯಬೇಡ.

ಅರುಂಧತಿ

*

ಪಾಪಟೋಟೊಯಿ
೧೭ ಫೆಬ್ರುವರಿ ೨೦೧೬

ಅರುಂಧತಿ,

ಭಾನುವಾರ ನಿಮ್ಮೂರು ಮತ್ತೆ ಅಲುಗಿದ ಸುದ್ದಿ ಬಂದಾಗ ನಾನು ಬಟ್ಟೆ ಒಣಹಾಕುತ್ತಿದ್ದೆ. ಕಡಲ ಕಡೆಯ ಬಂಡೆ ಕುಸಿದು ಧೂಳೆದ್ದದ್ದನ್ನು ಟೀವಿಯಲ್ಲಿ ತೋರಿಸಿದರು. ಚಿದಾನಂದರಿಗೆ ಫೋನ್ ಮಾಡಿ ನೀನು ನೆಟ್ಟಗಿದ್ದೀಯ ಎಂದು ತಿಳಿದುಕೊಂಡೆ. ನಾನು ಕೇಳಿದ್ದು ನಿನಗೆ ಹೇಳಬೇಡಿ ಎಂದೆ. ಹೇಳಿರುತ್ತಾರೆ. ಬಿರುಕು ಕಂಡರೆ ಬಾಯಿ ಮುಚ್ಚಿಕೊಂಡಿರುವ ಮನುಷ್ಯ ಅಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಬರೆದು ಮೂರು ಸಲ ಹರಿದೆ. ಒಂದರಲ್ಲಿ ಹೌದು ಎಂದಿತ್ತು. ಒಂದರಲ್ಲಿ ಅಲ್ಲ ಎಂದಿತ್ತು. ಮೂರನೆಯದರಲ್ಲಿ ನಿಮ್ಮೂರಿನ ಚಳಿಯ ಮೇಲೆ ತಪ್ಪು ಹೊರಿಸಿದ್ದೆ. ಮೂರೂ ನನ್ನದೇ ಅಕ್ಷರ, ಮೂರನ್ನೂ ಓದಿದರೆ ನಿಜ ಅನ್ನಿಸುತ್ತಿತ್ತು. ಆದ್ದರಿಂದ ಉತ್ತರದ ಬದಲು ನಿನಗೆ ಸಂಬಂಧವೇ ಇಲ್ಲದ ಕೆಲವು ವಿಷಯ ತಿಳಿಸುತ್ತಿದ್ದೇನೆ.

ಮಾರ್ಚ್ ಹನ್ನೆರಡು, ಶನಿವಾರ. ಆ ವಾರ ಆಕ್ಲೆಂಡಿನಲ್ಲಿ ಯಾವುದೋ ವಿಚಾರ ಸಂಕಿರಣ ಇದೆಯಂತೆ, ಯಾರೋ ಕ್ರೈಸ್ಟ್‌ಚರ್ಚಿನವರು ಪ್ರಬಂಧ ಓದುತ್ತಾರಂತೆ. ಹರ್ಷವರ್ಧನ್ ಹೇಳಿದ. ನಾವು ಮಾತ್ರ ಆ ಬೆಳಿಗ್ಗೆ ಮನೆಯಲ್ಲಿ ಇರುವುದಿಲ್ಲ. ನಿಧಿಯ ನೆಟ್‌ಬಾಲ್ ಇದೆ. ಮಧ್ಯಾಹ್ನದ ಊಟದ ಹೊತ್ತಿಗೆ ಬರುತ್ತೇವೆ.

ಪಕ್ಕದ ಗೇಟಿನ ಚಿಲಕ ಸಡಿಲ. ಎಷ್ಟು ಹೇಳಿದರೂ ಬದರಿ ಸರಿಮಾಡಿಲ್ಲ. ಸಣ್ಣ ಗುದ್ದಲಿ ಗ್ಯಾರೇಜಿನ ಹಿಂದೆಯೇ ಬಿದ್ದಿರುತ್ತದೆ. ಪಕ್ಕದ ಮನೆಯವರು ಕೇಳಿದರೆ ತಂಗಿ ಎಂದರೆ ಸಾಕು, ಅವರಿಗೆ ನಾವೆಲ್ಲ ತಂಗಿಯರೇ. ಮರಿಯನ್ನು ಕೀಳುವಾಗ ತಾಯಿಬೇರಿನ ಒಂದು ತುಂಡು ಜೊತೆಗೆ ಬರಬೇಕು. ಬರೀ ಎಳೆ ಬೇರು ಬಂದರೆ ಬದುಕುವುದಿಲ್ಲ. ಇದು ಯಾವ ಕಳ್ಳರಿಗೂ ತಿಳಿದಿರಬೇಕಾದ ವಿಷಯ.

ಗೋಡೆಯ ಕಡೆ ಇರುವ ಎತ್ತರದ ಮರಿಯನ್ನು ಮಾತ್ರ ಯಾರೂ ಮುಟ್ಟಕೂಡದು. ಅದು ನನ್ನದು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಪಕ್ಕ ನಿಲ್ಲುತ್ತೇನೆ. "ನನ್ನ ಮುಖ ನೋಡೋಕ್ಕಿಂತ ಮುಂಚೆ ಆ ಗಿಡದ ಮುಖ ನೋಡ್ತೀಯಲ್ಲೇ," ಎಂದು ಬದರಿ ಅಂದ ದಿನವೇ ಗರಗಸವನ್ನು ಅಟ್ಟಕ್ಕೆ ಹಾಕಿದೆ. ಕಥೆ ಓದಿದವಳು ನಾನು.

ನಾನು ಯಾರಿಗೂ ಏನನ್ನೂ ಕೊಡುತ್ತಿಲ್ಲ. ಅದು ನಿನಗೆ ಸ್ಪಷ್ಟವಾಗಿರಲಿ.

ರತ್ನಾ

*

ಪಾಪಟೋಟೊಯಿ
೧೩ ಮಾರ್ಚ್ ೨೦೧೬

ಪ್ರೀತಿಯ ಅರುಂಧತಿ,

ಬಹಳ ವಿಷಾದದಿಂದ ತಿಳಿಸುವುದೇನೆಂದರೆ ನಿನ್ನೆ ನಮ್ಮ ಮನೆಯಲ್ಲಿ ಕಳ್ಳತನವಾಯಿತು.

ಹೊರಡುವಾಗಲೇ ಬದರಿ ಕಿರಿಕಿರಿ ಶುರುಮಾಡಿದ್ದರು.

"ಗೇಟಿಗೆ ಬೀಗ ಹಾಕ್ಲಾ?"

"ಬೇಡ."

"ಗುದ್ದಲಿ ಹೊರಗಡೆ ಬಿದ್ದಿದೆ, ಒಳಗಿಡ್ಲಾ?"

"ನಿಮಗ್ಯಾಕೆ ಅದೆಲ್ಲ, ಕಾರು ತೆಗೀರಿ."

"ಅರುಂಧತಿ ಬರ್ತಾಳಾ?"

"ಯಾವ ಅರುಂಧತಿ?"

ಅವರು ಕಾರು ತೆಗೆದರು. ನಿಧಿ ಹಿಂದೆ ಕೂತು ಕಿಟಕಿಯ ಕಡೆ ಮುಖ ಮಾಡಿಕೊಂಡು ನಗುತ್ತಿದ್ದಳು. ಆಟದಲ್ಲಿ ಯಾರು ಗೆದ್ದರು ಎಂದು ನನ್ನನ್ನು ಕೇಳಬೇಡ. ನಾನು ಅಂಕಣದ ಕಡೆ ನೋಡುತ್ತಿದ್ದೆ, ಕಾಣುತ್ತಿದ್ದದ್ದು ಗ್ಯಾರೇಜಿನ ಗೋಡೆ. ಆಟ ಮುಗಿದ ಮೇಲೂ ಎಲ್ಲರ ಜೊತೆ ನಿಂತು ಮಾತಾಡಿದೆ. ನನಗೆ ಪರಿಚಯವಿಲ್ಲದವರ ಜೊತೆಯೂ ಮಾತಾಡಿದೆ. ಗೀತಾ ಆ ದಿನ ಪರದೆ ಎಳೆದುಕೊಂಡು ಒಳಗೆ ಕೂತಿದ್ದರಲ್ಲ, ಕದಿಯುವವಳಿಗಿಂತ ಅವರ ಕೆಲಸವೇ ಕಷ್ಟದ್ದು ಎಂದು ಈಗ ಗೊತ್ತಾಯಿತು.

ಮನೆಗೆ ಬಂದು ನೋಡಿದರೆ ಬುಡದಲ್ಲಿ ಗುಂಡಿ. ಕಳ್ಳಿ ಬುದ್ಧಿವಂತೆ. ತಾಯಿಬೇರನ್ನು ಓರೆಯಾಗಿ ಕತ್ತರಿಸಿ, ಗಾಯಕ್ಕೆ ಮಣ್ಣು ಮೆತ್ತಿ ಹೋಗಿದ್ದಾಳೆ. ಅಲ್ಲಿದ್ದ ಅಷ್ಟು ಮರಿಗಳನ್ನು ಬಿಟ್ಟು, ಗೋಡೆಯ ಕಡೆಯ ಎತ್ತರದ್ದನ್ನೇ ಒಯ್ದಿದ್ದಾಳೆ. ಓದಿದವರೇ ಹೀಗೆ. ಯಾವುದನ್ನು ಮುಟ್ಟಬೇಡಿ ಎಂದು ಬರೆದಿದೆಯೋ ಅದಕ್ಕೇ ಕೈ ಹಾಕುತ್ತಾರೆ. ಒಂದು ಕ್ಷಣ ನಿಜವಾಗಿಯೂ ಕೋಪ ಬಂತು. ಬದರಿ ನನ್ನ ಮುಖ ನೋಡಿ ಒಳಗೆ ಹೋಗಿ ತಾವೇ ಅನ್ನಕ್ಕೆ ಇಟ್ಟರು.

ಆಮೇಲೆ ಅಂಗಳ ನೋಡಿದೆ. ಬೆಳಿಗ್ಗೆ ನಾನು ಬಿಟ್ಟುಹೋದಾಗ ಕರಿಬೇವಿನ ಹಣ್ಣೆಲೆಯೂ ಪಕ್ಕದ ಮನೆಯ ಫಿಜೋವಾದ ಕಸವೂ ಹಾಗೇ ಬಿದ್ದಿತ್ತು. ಈಗ ಒಂದು ಎಲೆಯೂ ಇರಲಿಲ್ಲ. ಬೇಲಿಯಿಂದ ಗ್ಯಾರೇಜಿನವರೆಗೆ ಗುಡಿಸಿತ್ತು, ಪೊರಕೆಯ ಗೆರೆ ಮಣ್ಣಿನ ಮೇಲೆ ಹಾಗೇ ಇತ್ತು. ಪೊರಕೆಯನ್ನು ಮರಕ್ಕೆ ಒರಗಿಸಿತ್ತು.

ನಾನು ಅದನ್ನು ತೆಗೆದು ಒಳಗಿಡಲಿಲ್ಲ. ಇವತ್ತು ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೋದಾಗಲೂ ಅಲ್ಲೇ ಇತ್ತು. ಮರಿ ಇಲ್ಲದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತೆ.

ಪೊಲೀಸರಿಗೆ ದೂರು ಕೊಟ್ಟಿಲ್ಲ. ಕಳ್ಳಿ ಕಾಫಿಗೆ ನಿಲ್ಲದೆ ಹೋದದ್ದಕ್ಕೆ ಮಾತ್ರ ಬೇಸರವಿದೆ. ಮುಂದಿನ ಸಲ ಬಂದರೆ ಎದುರು ಬಾಗಿಲಿಂದ ಬರಲಿ.

ಇನ್ನೊಂದು ಮಾತು. ಅದು ಅಲ್ಲಿ ಚಿಗುರಿದರೆ ಬರೆದು ತಿಳಿಸು. ನನ್ನ ಮರಕ್ಕಿಂತ ಎತ್ತರ ಬೆಳೆದರೆ ತಿಳಿಸಬೇಡ.

ನಿನ್ನ,
ರತ್ನಾ